ಸೈಕಲ್‌ಗೂ ಸಿಗ್ನಲ್ ಅನ್ವಯಿಸುತ್ತಾ? ಕಾನೂನು ಏನು ಹೇಳುತ್ತೆ, ಸರ್ಕಲ್‌ನಲ್ಲಿ ಏನು ಮಾಡಬೇಕು: ಇಲ್ಲಿದೆ ವಿವರ

ಮಂಡ್ಯ: ಸಿಗ್ನಲ್‌ನಲ್ಲಿ ಕೆಂಪು ದೀಪ ಬಿತ್ತು ಅಂದ್ರೆ ಕಾರು, ಬೈಕು, ಬಸ್ಸು ನಿಲ್ಲುತ್ತವೆ. ಸೈಕಲ್ ಮಾತ್ರ ಸಂದಿಯಲ್ಲಿ ನುಸುಳಿ ಸೀದಾ ಹೋಗುತ್ತೆ. ‘ಸೈಕಲ್‌ಗೆ ಎಂಥ ಸಿಗ್ನಲ್ಲು ಬುಡಿ ಸಾ’ ಅನ್ನೋ ಮಾತು ಜಿಲ್ಲೆಯ ಯಾವ ಪೇಟೆಗೆ ಹೋದರೂ ಕಿವಿಗೆ ಬೀಳುತ್ತೆ. ಪೊಲೀಸರೂ ಸಾಮಾನ್ಯವಾಗಿ ಸೈಕಲ್ ತಡೆದು ನಿಲ್ಲಿಸುವುದಿಲ್ಲ. ಹಾಗಾಗಿ ಸೈಕಲ್‌ಗೆ ರಿಯಾಯಿತಿ ಇದೆ ಅಂತಲೇ ಬಹಳ ಜನ ನಂಬಿದ್ದಾರೆ.

ನಿಜವಾಗಲೂ ರಿಯಾಯಿತಿ ಇದೆಯಾ? ನಿಲ್ಲದೆ ಹೋದರೆ ಏನಾಗುತ್ತೆ? ಅಪಘಾತವಾದರೆ ಪರಿಹಾರ ಸಿಗುತ್ತಾ? ಶಾಲೆಗೆ ಹೋಗುವ ಮಕ್ಕಳು, ಹಾಲು ಹಾಕುವವರು, ಗಾರೆ ಕೆಲಸಕ್ಕೆ ಹೋಗುವವರು, ಅಂಗಡಿ ಸಾಮಾನು ತಲುಪಿಸುವ ಹುಡುಗರು ಇಂದಿಗೂ ಸೈಕಲ್ ಮೇಲೆ ಓಡಾಡುವುದರಿಂದ ಇದನ್ನು ಒಮ್ಮೆ ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಚುಟುಕಾಗಿ ಉತ್ತರ:

• ಬೈಕ್‌ಗೆ ಹಾಕುವ ಸಿಗ್ನಲ್ ಜಂಪ್ ಚಲನ್ ಸೈಕಲ್‌ಗೆ ಬರುವುದಿಲ್ಲ. ಇದು ನಿಜ.

• ಆದರೆ ಸೈಕಲ್ ಸವಾರ ಕಾನೂನಿನ ಹೊರಗೆ ಇಲ್ಲ. ಬೇರೆ ಎರಡು ಕಾನೂನುಗಳು ಅವನಿಗೂ ಅನ್ವಯಿಸುತ್ತವೆ.

• ಕೆಂಪು ದೀಪ ದಾಟುವಾಗ ಅಪಘಾತವಾದರೆ, ಪೆಟ್ಟು ತಿಂದವರಿಗೆ ಬರಬೇಕಾದ ಪರಿಹಾರದಲ್ಲೇ ಕಡಿತ ಆಗಬಹುದು.

ಮೋಟಾರು ವಾಹನ ಕಾಯ್ದೆಯಲ್ಲಿ ಸೈಕಲ್ ಎಲ್ಲಿದೆ?

ನಾವು ‘ಟ್ರಾಫಿಕ್ ರೂಲ್ಸ್’ ಅಂತ ಕರೆಯುವುದರಲ್ಲಿ ಹೆಚ್ಚಿನದು ಬರುವುದು 1988ರ ಮೋಟಾರು ವಾಹನ ಕಾಯ್ದೆಯಿಂದ. ಹೆಸರೇ ಹೇಳುವ ಹಾಗೆ ಇದು ಮೋಟಾರು ವಾಹನಗಳ ಕಾಯ್ದೆ. ಯಂತ್ರದ ಬಲದಿಂದ ಓಡುವ ವಾಹನಗಳಷ್ಟೇ ಇದರ ವ್ಯಾಪ್ತಿಗೆ ಬರುತ್ತವೆ. ಕಾಲಿನಿಂದ ತುಳಿಯುವ ಸೈಕಲ್ ಬರುವುದಿಲ್ಲ. ಅದಕ್ಕೇ ಸೈಕಲ್‌ಗೆ ಡಿಎಲ್ ಬೇಡ, ಆರ್‌ಸಿ ಬೇಡ, ಇನ್ಶೂರೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ.

ಸಿಗ್ನಲ್ ಮತ್ತು ರಸ್ತೆ ಚಿಹ್ನೆ ಪಾಲಿಸಬೇಕು ಅಂತ ಹೇಳುವುದು ಇದೇ ಕಾಯ್ದೆಯ 119ನೇ ಕಲಂ. ಅಲ್ಲೂ ಇರುವುದು ‘ಮೋಟಾರು ವಾಹನದ ಚಾಲಕ’ ಅನ್ನುವ ಮಾತು. 2019ರ ತಿದ್ದುಪಡಿಯಲ್ಲಿ ಕೆಂಪು ದೀಪ ಜಂಪ್ ಮಾಡುವುದನ್ನೂ, ಸ್ಟಾಪ್ ಚಿಹ್ನೆ ಮೀರುವುದನ್ನೂ 184ನೇ ಕಲಂ ಅಡಿ ಅಪಾಯಕಾರಿ ಚಾಲನೆ ಅಂತ ಸೇರಿಸಿದರು. ಮೊದಲ ಸಲದ ತಪ್ಪಿಗೆ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಅಥವಾ ಎರಡೂ. ಸ್ಥಳದಲ್ಲೇ ಕಟ್ಟಿಸಿಕೊಳ್ಳುವ ಮೊತ್ತವನ್ನು ಆಯಾ ರಾಜ್ಯ ನಿಗದಿ ಮಾಡುತ್ತೆ. ಇದು ಕೂಡ ಮೋಟಾರು ವಾಹನ ಓಡಿಸುವವರಿಗೇ.

ಇನ್ನು ಕ್ಯಾಮೆರಾ ಚಲನ್ ಬರುವುದು ನಂಬರ್ ಪ್ಲೇಟ್ ನೋಡಿ. ಸೈಕಲ್‌ಗೆ ನಂಬರೇ ಇಲ್ಲ. ‘ಸೈಕಲ್‌ಗೆ ಫೈನ್ ಇಲ್ಲ’ ಅನ್ನೋ ಮಾತು ಹುಟ್ಟಿದ್ದು ಇಲ್ಲಿಂದ. ಫೈನ್ ಇಲ್ಲ ಅಂದರೆ ರೂಲ್ಸೂ ಇಲ್ಲ ಅಂತ ಜನ ಅಂದುಕೊಂಡರು. ತಪ್ಪು ತಿಳಿವಳಿಕೆ ಇರುವುದು ಅಲ್ಲೇ.

ಹಾಗಾದ್ರೆ ಸೈಕಲ್‌ಗೆ ಅನ್ವಯಿಸುವ ಕಾನೂನು ಯಾವುದು?

ಒಂದು, ಕರ್ನಾಟಕ ಪೊಲೀಸ್ ಕಾಯ್ದೆ 1963. ಬೀದಿಯಲ್ಲಿ ಎಲ್ಲ ಬಗೆಯ ಸಂಚಾರವನ್ನು ನಿಯಂತ್ರಿಸಲು ಆದೇಶ ಮಾಡುವ ಅಧಿಕಾರವನ್ನು ಈ ಕಾಯ್ದೆಯ 31ನೇ ಕಲಂ ಕೊಡುತ್ತೆ. ನಗರಗಳಲ್ಲಿ ಪೊಲೀಸ್ ಕಮಿಷನರ್‌ಗೆ, ನಮ್ಮಂಥ ಜಿಲ್ಲೆಗಳಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಂದರೆ ಜಿಲ್ಲಾಧಿಕಾರಿಗೆ. ಇಲ್ಲಿ ಮೋಟಾರು ವಾಹನ ಅನ್ನುವ ಮಿತಿ ಇಲ್ಲ. ಸೈಕಲ್ ಸವಾರರು, ನಡೆದು ಹೋಗುವವರು, ದನ ಹೊಡೆದುಕೊಂಡು ಹೋಗುವವರು ಎಲ್ಲರೂ ಬರುತ್ತಾರೆ. ಪೇಟೆಯಲ್ಲಿ ಒಂದು ಬೀದಿಯನ್ನು ಒನ್ ವೇ ಮಾಡಿ ಆದೇಶ ಹೊರಡಿಸಿ ಅದನ್ನು ಎಲ್ಲ ವಾಹನಗಳಿಗೂ ಅನ್ವಯಿಸಿದರೆ ಸೈಕಲ್ ಕೂಡ ಅದಕ್ಕೆ ಒಳಪಡುತ್ತೆ. ಸರ್ಕಲ್‌ನಲ್ಲಿ ನಿಂತ ಪೊಲೀಸರು ಕೈ ತೋರಿಸಿ ‘ನಿಲ್ಲು’ ಅಂದರೆ ಸೈಕಲ್ ಸವಾರನೂ ನಿಲ್ಲಬೇಕು. ‘ನನ್ನದು ಮೋಟಾರು ವಾಹನ ಅಲ್ಲ’ ಅನ್ನುವ ವಾದ ಅಲ್ಲಿ ನಡೆಯುವುದಿಲ್ಲ.

ಎರಡು, ಭಾರತೀಯ ನ್ಯಾಯ ಸಂಹಿತೆ. ಇದು 2024ರ ಜುಲೈ 1ರಿಂದ ಐಪಿಸಿ ಬದಲಿಗೆ ಬಂದಿದೆ. ಮೊದಲು ಐಪಿಸಿ 279 ಅಂತ ಇದ್ದದ್ದು ಈಗ 281ನೇ ಕಲಂ ಆಗಿದೆ. ಸಾರ್ವಜನಿಕ ರಸ್ತೆಯಲ್ಲಿ ಜನರ ಜೀವಕ್ಕೆ ಅಪಾಯವಾಗುವ ಹಾಗೆ ಅತಿವೇಗ, ಅಜಾಗರೂಕತೆಯಿಂದ ‘ಯಾವುದೇ ವಾಹನ’ ಓಡಿಸಿದರೂ ಇದು ಅನ್ವಯ. ಶಿಕ್ಷೆ 6 ತಿಂಗಳವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೆಂಪು ದೀಪದಲ್ಲಿ ನುಗ್ಗಿದ ಸೈಕಲ್, ಝೀಬ್ರಾ ಕ್ರಾಸಿಂಗ್ ದಾಟುತ್ತಿದ್ದ ಅಜ್ಜಿಗೆ ಡಿಕ್ಕಿ ಹೊಡೆದರೆ ಈ ಕಲಂ ಅಡಿ ಕೇಸ್ ಆಗಬಹುದು. ಇಂಥ ಕಡೆ ಇನ್ನೊಂದು ತೊಂದರೆಯೂ ಇದೆ. ಬೈಕ್‌ಗಾದರೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರುತ್ತೆ. ಸೈಕಲ್‌ಗೆ ಇರುವುದಿಲ್ಲ. ಆಸ್ಪತ್ರೆ ಖರ್ಚು, ಪರಿಹಾರ ಅಂತ ಬಂದರೆ ಸೈಕಲ್ ಸವಾರ ತನ್ನ ಜೇಬಿನಿಂದಲೇ ಕೊಡಬೇಕು.

ನಮ್ಮ ಜಿಲ್ಲೆಯಲ್ಲೇ ಇದೆ ಉದಾಹರಣೆ

ಸಂಚಾರ ನಿಯಮ ಸೈಕಲ್‌ಗೂ ಅನ್ವಯಿಸುತ್ತೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಹಾದು ಹೋಗುವ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ನೋಡಿ. 2023ರ ಆಗಸ್ಟ್ 1ರಿಂದ ಇದರ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್ ನಿಷೇಧಿಸಲಾಗಿದೆ. ಅದೇ ಪಟ್ಟಿಯಲ್ಲಿ ಮೋಟಾರು ಇಲ್ಲದ ವಾಹನಗಳೂ ಇವೆ. ಅಂದರೆ ಸೈಕಲ್, ಎತ್ತಿನ ಗಾಡಿ, ತಳ್ಳುಗಾಡಿ. ಇವೆಲ್ಲ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಅಷ್ಟು ವೇಗದ ಕಾರುಗಳ ನಡುವೆ ಸೈಕಲ್ ಹೋದರೆ ಏನಾಗುತ್ತೆ ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಪೇಟೆಯೊಳಗಿನ ಕೆಂಪು ದೀಪದ ಕಾರಣವೂ ಅದೇ. ನಮ್ಮ ದಾರಿಗೆ ಕೆಂಪು ಅಂದರೆ ಅಡ್ಡ ದಾರಿಗೆ ಹಸಿರು. ಅಲ್ಲಿಂದ ಬರುವವನು ‘ಈಗ ನನ್ನ ಸರದಿ’ ಅಂತ ನಂಬಿಕೊಂಡು ವೇಗವಾಗಿ ಬರುತ್ತಾನೆ.

ದಂಡಕ್ಕಿಂತ ದೊಡ್ಡ ಪೆಟ್ಟು ಪರಿಹಾರದಲ್ಲಿ

ಕಾರು, ಲಾರಿ, ಬೈಕ್ ಡಿಕ್ಕಿ ಹೊಡೆದು ಸೈಕಲ್ ಸವಾರನಿಗೆ ಗಾಯವಾದರೆ ಅಥವಾ ಸಾವಾದರೆ, ಕುಟುಂಬದವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಕೇಸ್ ಗೆದ್ದರೆ ಸಾಮಾನ್ಯವಾಗಿ ಆ ವಾಹನದ ಇನ್ಶೂರೆನ್ಸ್ ಕಂಪನಿ ಹಣ ಕೊಡುತ್ತೆ.

ಕಂಪನಿಯ ವಕೀಲರು ಅಲ್ಲಿ ಎತ್ತುವ ಮೊದಲ ಪ್ರಶ್ನೆಗಳಲ್ಲಿ ಒಂದು: ತಪ್ಪು ಯಾರದು? ಸೈಕಲ್ ಸವಾರ ಕೆಂಪು ದೀಪ ದಾಟಿದ್ದ, ರಾಂಗ್ ಸೈಡ್‌ನಲ್ಲಿ ಬಂದಿದ್ದ ಅಂತ ಮಹಜರು, ಸಾಕ್ಷಿ ಹೇಳಿಕೆ ಅಥವಾ ಸಿಸಿಟಿವಿಯಿಂದ ಸಾಬೀತಾದರೆ, ಅಪಘಾತದಲ್ಲಿ ಅವನ ಪಾಲೂ ಇದೆ ಅಂತ ನ್ಯಾಯಮಂಡಳಿ ತೀರ್ಮಾನಿಸಬಹುದು. ಆಗ ಆ ಪಾಲಿನಷ್ಟು ಪರಿಹಾರ ಕಡಿತವಾಗುತ್ತೆ. ಉದಾಹರಣೆಗೆ ಒಟ್ಟು ಪರಿಹಾರ 10 ಲಕ್ಷ ಅಂತ ಲೆಕ್ಕ ಹಾಕಿ, ಸವಾರನ ತಪ್ಪು ಶೇ 30 ಅಂತ ನಿರ್ಧಾರವಾದರೆ ಕೈಗೆ ಬರುವುದು 7 ಲಕ್ಷ. ದುಡಿಯುವ ಕೈ ಕಳೆದುಕೊಂಡ ಮನೆಗೆ ಆ 3 ಲಕ್ಷ ಸಣ್ಣ ಮೊತ್ತ ಅಲ್ಲ. ಸ್ಥಳದಲ್ಲಿ 500 ರೂಪಾಯಿ ದಂಡ ಬೀಳಲಿಲ್ಲ ಅಂತ ಖುಷಿಪಟ್ಟ ನಿಯಮವೇ ಮುಂದೆ ಲಕ್ಷಗಟ್ಟಲೆ ಕಳೆಯಬಹುದು.

ಹಾಗಂತ ಮೋಟಾರು ವಾಹನದವರು ಬಚಾವ್ ಅಂತಲ್ಲ. ಹಸಿರು ದೀಪ ಇತ್ತು ಅನ್ನುವ ಒಂದೇ ಕಾರಣಕ್ಕೆ ಎದುರಿಗೆ ಕಾಣುತ್ತಿದ್ದ ಸೈಕಲ್‌ಗೆ ಗುದ್ದುವ ಹಕ್ಕು ಯಾರಿಗೂ ಇಲ್ಲ. ನಿಧಾನ ಮಾಡಿ, ಬ್ರೇಕ್ ಹಾಕಿ, ಅಪಘಾತ ತಪ್ಪಿಸುವ ಹೊಣೆ ಚಾಲಕನ ಮೇಲೆ ಯಾವಾಗಲೂ ಇದ್ದೇ ಇರುತ್ತೆ.

2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ ಅಂತ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತೆ. ಅದರಲ್ಲಿ ಸೈಕಲ್ ಸವಾರರು ಶೇ 3ರ ಆಸುಪಾಸು, ಅಂದರೆ ಸುಮಾರು 4,800 ಜನ. ಇವರೆಲ್ಲ ಸಿಗ್ನಲ್ ಜಂಪ್ ಮಾಡಿಯೇ ಸತ್ತವರು ಅಂತ ಯಾರೂ ಅರ್ಥ ಮಾಡಿಕೊಳ್ಳಬಾರದು. ಸುತ್ತ ತಗಡಿನ ರಕ್ಷಣೆ ಇಲ್ಲದ ಸವಾರನಿಗೆ ತಪ್ಪು ಯಾರದ್ದೇ ಆದರೂ ಪೆಟ್ಟು ತಪ್ಪುವುದಿಲ್ಲ ಅನ್ನುವುದಷ್ಟೇ ಇದರ ಅರ್ಥ.

ಸೈಕಲ್ ಸವಾರರ ಮಾತಿನಲ್ಲೂ ಹುರುಳಿದೆ

‘ನಿಂತರೆ ಮತ್ತೆ ತುಳಿಯೋದು ಎಷ್ಟು ಕಷ್ಟ ಗೊತ್ತಾ?’ ಅಂತ ಸೈಕಲ್ ತುಳಿಯುವವರು ಕೇಳುತ್ತಾರೆ. ಕ್ಯಾರಿಯರ್ ಮೇಲೆ ಎರಡು ಹಾಲಿನ ಕ್ಯಾನು, ಹ್ಯಾಂಡಲ್‌ಗೆ ಚೀಲ ಕಟ್ಟಿಕೊಂಡವರಿಗೆ ಇದು ಸುಳ್ಳಲ್ಲ. ಬೈಕ್‌ನವನು ಕೈ ತಿರುಗಿಸಿದರೆ ಸಾಕು, ಇವನು ತೊಡೆಯ ಬಲ ಹಾಕಬೇಕು.

ಇನ್ನೊಂದು ವಿಷಯ ಬಹಳ ಜನ ಗಮನಿಸಿಲ್ಲ. ನಮ್ಮ ಸಿಗ್ನಲ್‌ಗಳ ಟೈಮಿಂಗ್ ಲೆಕ್ಕ ಹಾಕುವುದು ಮೋಟಾರು ವಾಹನಗಳ ವೇಗಕ್ಕೆ. ಒಂದು ಲೆಕ್ಕ ನೋಡಿ. ದೊಡ್ಡ ಸರ್ಕಲ್ ಒಂದರ ಈ ಕಡೆಯಿಂದ ಆ ಕಡೆಗೆ 24 ಮೀಟರ್ ಅಂತ ಇಟ್ಟುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದ ಬೈಕ್ ಅದನ್ನು 2 ಸೆಕೆಂಡ್ ಚಿಲ್ಲರೆಯಲ್ಲಿ ದಾಟುತ್ತೆ. ಗಂಟೆಗೆ 12 ಕಿ.ಮೀ. ವೇಗದ ಸೈಕಲ್‌ಗೆ 7 ಸೆಕೆಂಡ್ ಬೇಕು. ಹಳದಿ ದೀಪ ಉರಿಯುವುದು ಸಾಮಾನ್ಯವಾಗಿ 3 ಸೆಕೆಂಡ್. ಹಸಿರಿನ ಕೊನೆ ಗಳಿಗೆಯಲ್ಲಿ, ಪೂರ್ತಿ ನಿಯಮಬದ್ಧವಾಗಿಯೇ ಒಳಗೆ ಹೋದ ಸೈಕಲ್ ಸವಾರ, ಕೆಂಪು ಬಿದ್ದಾಗ ಇನ್ನೂ ಸರ್ಕಲ್ ನಡುವೆಯೇ ಇರುತ್ತಾನೆ. ಅಷ್ಟರಲ್ಲಿ ಅಡ್ಡ ದಾರಿಯವರು ಎಂಜಿನ್ ರೇಸ್ ಮಾಡಿಕೊಂಡು ಬಿಡುತ್ತಾರೆ. ನೋಡಿದವರು ‘ಸೈಕಲ್‌ನವನು ಸಿಗ್ನಲ್ ಜಂಪ್ ಮಾಡಿದ’ ಅಂತ ಬೈಯುತ್ತಾರೆ. ಅವನು ಮಾಡಿರುವುದಿಲ್ಲ.

ಆದ್ದರಿಂದ ಸೈಕಲ್ ಸವಾರ ಸಿಗ್ನಲ್ ಪಾಲಿಸಬೇಕು ಅನ್ನುವಾಗ, ಸಿಗ್ನಲ್ ಕೂಡ ಅವನನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ಕೇಳುವುದು ನ್ಯಾಯವೇ. ಎಲ್ಲ ಕಡೆಯೂ ಕೆಂಪು ಇರುವ ಒಂದೆರಡು ಸೆಕೆಂಡ್ ಹೆಚ್ಚಿಸಿದರೆ ಸೈಕಲ್ ಸವಾರರಿಗೂ, ನಿಧಾನವಾಗಿ ದಾಟುವ ವಯಸ್ಸಾದವರಿಗೂ ಅನುಕೂಲ.

ಬೇರೆ ದೇಶಗಳಲ್ಲಿ ಸೈಕಲ್‌ಗೆ ವಿನಾಯಿತಿ ಇದೆಯಲ್ಲ?

ಇದೆ. ಅಮೆರಿಕದ ಐಡಹೊ ರಾಜ್ಯ 1982ರಲ್ಲೇ ಇಂಥ ಕಾನೂನು ಮಾಡಿತು. ಸ್ಟಾಪ್ ಬೋರ್ಡ್ ಇರುವ ಕಡೆ ಸೈಕಲ್ ಸವಾರ ಪೂರ್ತಿ ನಿಲ್ಲಬೇಕಿಲ್ಲ. ನಿಧಾನ ಮಾಡಿ, ಎರಡೂ ಕಡೆ ನೋಡಿ, ಯಾರೂ ಬರುತ್ತಿಲ್ಲ ಅಂದರೆ ಹೋಗಬಹುದು. ಕೆಂಪು ದೀಪದಲ್ಲಾದರೆ ಮೊದಲು ಪೂರ್ತಿ ನಿಲ್ಲಬೇಕು, ಆಮೇಲೆ ದಾರಿ ಖಾಲಿ ಇದ್ದರೆ ಹೋಗಬಹುದು. ಡೆಲವೇರ್ ರಾಜ್ಯ 2017ರಲ್ಲಿ ಸ್ಟಾಪ್ ಬೋರ್ಡ್‌ಗೆ ಮಾತ್ರ, ಅದೂ ಚಿಕ್ಕ ರಸ್ತೆಗಳಲ್ಲಿ, ಇಂಥ ವಿನಾಯಿತಿ ಕೊಟ್ಟಿತು. ಆಮೇಲೆ ಆರ್ಕನ್ಸಾ, ಕೊಲರಾಡೊ ಸೇರಿ ಇನ್ನೂ ಕೆಲವು ರಾಜ್ಯಗಳು ಸೇರಿಕೊಂಡವು. ಪ್ಯಾರಿಸ್‌ನಲ್ಲಿ 2012ರಿಂದ ಕೆಲವು ಸಿಗ್ನಲ್ ಕಂಬಗಳಲ್ಲಿ ಸೈಕಲ್ ಚಿತ್ರದ ಚಿಕ್ಕ ಬೋರ್ಡ್ ಇದೆ. ಆ ಬೋರ್ಡ್ ಇರುವ ಕಡೆ ಕೆಂಪು ಇದ್ದರೂ ಸೈಕಲ್ ಸವಾರ ಬಲಕ್ಕೆ ತಿರುಗಬಹುದು. ಅಲ್ಲಿ ವಾಹನ ಓಡುವುದು ರಸ್ತೆಯ ಬಲಬದಿಯಲ್ಲಿ, ಹಾಗಾಗಿ ಅದು ನಮ್ಮ ಎಡ ತಿರುವು ಇದ್ದ ಹಾಗೆ.

ಈ ಎಲ್ಲ ಕಡೆ ಎರಡು ಅಂಶ ಗಮನಿಸಬೇಕು. ವಿನಾಯಿತಿ ಇರುವುದು ನೋಡಿಕೊಂಡು ಹೋಗುವವನಿಗೆ, ಕಣ್ಣುಮುಚ್ಚಿ ನುಗ್ಗುವವನಿಗಲ್ಲ. ನಡೆದು ದಾಟುವವರಿಗೂ ಅಡ್ಡ ಬರುವ ವಾಹನಕ್ಕೂ ದಾರಿ ಬಿಡಲೇಬೇಕು. ಎರಡನೆಯದು, ಅದು ಕಾನೂನು ಪುಸ್ತಕದಲ್ಲಿ ಬರೆದಿರುವುದು. ಸೈಕಲ್ ಹೀಗೆ ಬರಬಹುದು ಅಂತ ಕಾರಿನವರಿಗೂ ಗೊತ್ತಿರುತ್ತೆ.

ನಮ್ಮಲ್ಲಿ ಅಂಥ ವಿನಾಯಿತಿ ಇಲ್ಲ. ಈಗಿರುವ ಸ್ಥಿತಿಯಲ್ಲಿ ಹಾಗೆ ನಡೆದುಕೊಳ್ಳುವುದು ಅಪಾಯ ಕೂಡ. ಮಂಡ್ಯದ ಸಂಜಯ ವೃತ್ತವೇ ಇರಲಿ, ತಾಲ್ಲೂಕು ಪೇಟೆಯ ಬಸ್ ಸ್ಟ್ಯಾಂಡ್ ಸರ್ಕಲ್ಲೇ ಇರಲಿ, ಎರಡೂ ಕಡೆ ನೋಡಿ ಹೋಗೋಣ ಅಂದರೆ ನೋಟವೇ ಸಿಗುವುದು ಕಷ್ಟ. ಮೂಲೆಯಲ್ಲಿ ಆಟೊ, ಅದರ ಪಕ್ಕ ಹಣ್ಣಿನ ಗಾಡಿ, ಅದರ ಹಿಂದೆ ನಿಲ್ಲಿಸಿದ ಕಾರು. ಹಸಿರು ಬೀಳುವ ಮೊದಲೇ ಹೊರಡುವ ಬೈಕ್‌ಗಳು ಬೇರೆ. ಕೆಂಪಿನಲ್ಲಿ ಹೊರಟ ಸೈಕಲ್ ಸವಾರ, ಹಸಿರಿಗೆ ಮುಂಚೆ ಹೊರಟ ಬೈಕ್ ಸವಾರ ಇಬ್ಬರೂ ಒಂದೇ ಜಾಗದಲ್ಲಿ ಎದುರಾಗುತ್ತಾರೆ.

ಅರ್ಜೆಂಟ್ ಇದ್ದರೆ? ಸೈಕಲ್‌ನಿಂದ ಇಳಿಯಿರಿ

ಸೈಕಲ್‌ಗೆ ಇರುವ ದೊಡ್ಡ ಅನುಕೂಲ ಒಂದಿದೆ. ಇಳಿದು ತಳ್ಳಿಕೊಂಡು ಹೊರಟ ಕೂಡಲೇ ಸವಾರ ಪಾದಚಾರಿಯಾಗುತ್ತಾನೆ. ಎಡಕ್ಕೆ ತಿರುಗಬೇಕು, ಕೆಂಪು ಇದೆ, ಫ್ರೀ ಲೆಫ್ಟ್ ಬೋರ್ಡ್ ಇಲ್ಲ ಅಂತಿದ್ದರೆ ಇಳಿದು ಫುಟ್‌ಪಾತ್ ಮೇಲೆ ನಾಲ್ಕು ಹೆಜ್ಜೆ ತಳ್ಳಿಕೊಂಡು ಮೂಲೆ ದಾಟಿ ಮತ್ತೆ ಹತ್ತಬಹುದು. ರಸ್ತೆ ದಾಟಬೇಕಾದರೆ ನಡೆದು ಹೋಗುವವರ ಜೊತೆ ಝೀಬ್ರಾ ಕ್ರಾಸಿಂಗ್‌ನಲ್ಲಿ ದಾಟಬಹುದು.

ಬಲಕ್ಕೆ ತಿರುಗುವುದೇ ದೊಡ್ಡ ಸರ್ಕಲ್‌ಗಳಲ್ಲಿ ಎಲ್ಲಕ್ಕಿಂತ ಅಪಾಯ. ಎಡಬದಿಯಿಂದ ನಡುರಸ್ತೆಗೆ ಬರುವಷ್ಟರಲ್ಲಿ ಹಿಂದಿನಿಂದ ವಾಹನಗಳು ಒತ್ತುತ್ತವೆ. ಇದಕ್ಕೆ ಎರಡು ಹಂತದ ತಿರುವು ಸುಲಭ. ಹಸಿರು ಬಿದ್ದಾಗ ಎಡಬದಿಯಲ್ಲೇ ನೇರ ಹೋಗಿ ಎದುರು ಮೂಲೆಯಲ್ಲಿ ನಿಲ್ಲಿ. ಸೈಕಲ್ ಬಲಕ್ಕೆ ತಿರುಗಿಸಿಕೊಳ್ಳಿ. ಆ ದಾರಿಗೆ ಹಸಿರು ಬಿದ್ದಾಗ ಮತ್ತೆ ನೇರ ಹೋಗಿ. ಸೈಕಲ್‌ಗೆ ಹೆಸರಾದ ಡೆನ್ಮಾರ್ಕ್‌ನಲ್ಲಿ ಸೈಕಲ್ ಸವಾರರು ಹೀಗೇ ತಿರುಗಬೇಕು ಅಂತ ನಿಯಮವೇ ಇದೆ. ಅರ್ಧ ನಿಮಿಷ ಹೆಚ್ಚು ಹಿಡಿಯಬಹುದು, ಅಷ್ಟೇ.

ಲಾರಿ, ಬಸ್ಸು, ಕಬ್ಬಿನ ಟ್ರ್ಯಾಕ್ಟರ್ ಪಕ್ಕ ನಿಲ್ಲಬೇಡಿ

ಕೆಂಪು ದೀಪದಲ್ಲಿ ನಿಂತವರೂ ಒಂದು ತಪ್ಪು ಮಾಡುತ್ತಾರೆ. ಲಾರಿ ಅಥವಾ ಬಸ್ಸಿನ ಎಡಪಕ್ಕದ ಸಂದಿಯಲ್ಲಿ ಹೋಗಿ ನಿಲ್ಲುತ್ತಾರೆ. ನಮ್ಮಲ್ಲಿ ಚಾಲಕ ಕೂರುವುದು ಬಲಗಡೆ. ಎಡಬಾಗಿಲಿನ ಕೆಳಗೆ ನಿಂತ ಸೈಕಲ್ ಅವನಿಗೆ ಕಾಣದೇ ಹೋಗಬಹುದು. ಹಸಿರು ಬಿದ್ದು ಲಾರಿ ಎಡಕ್ಕೆ ತಿರುಗಿತು ಅಂದರೆ ಹಿಂದಿನ ಚಕ್ರ ಮುಂದಿನ ಚಕ್ರಕ್ಕಿಂತ ಒಳಗೆ ಬರುತ್ತೆ. ಮುಂಭಾಗ ದೂರದಿಂದ ಹೋಯಿತು ಅಂತ ನಿರಾಳವಾದ ಸವಾರನನ್ನು ಹಿಂದಿನ ಚಕ್ರ ಒತ್ತುತ್ತೆ.

ಕಬ್ಬು ಅರೆಯುವ ಹಂಗಾಮಿನಲ್ಲಿ ನಮ್ಮ ರಸ್ತೆಗಳಲ್ಲಿ ಓಡಾಡುವ ಟ್ರ್ಯಾಕ್ಟರ್ ಟ್ರೇಲರ್‌ಗಳಲ್ಲಿ ಇದು ಇನ್ನೂ ಹೆಚ್ಚು. ಹಿಂದೆ ಟ್ರೇಲರ್ ಇರುವಾಗ ತಿರುವಿನಲ್ಲಿ ಅದು ಇನ್ನಷ್ಟು ಒಳಗೆ ಎಳೆದುಕೊಳ್ಳುತ್ತೆ. ಕಬ್ಬಿನ ಹೊರೆ ಎರಡೂ ಬದಿಗೆ ಚಾಚಿರುವುದರಿಂದ ಚಾಲಕನಿಗೆ ಹಿಂದಿನದು ಏನೂ ಕಾಣುವುದಿಲ್ಲ. ದೊಡ್ಡ ವಾಹನ ಇದ್ದರೆ ಅದರ ಹಿಂದೆಯೇ ದೂರ ಬಿಟ್ಟು ನಿಲ್ಲಿ. ಇಲ್ಲವೇ ಸ್ಟಾಪ್ ಲೈನ್ ದಾಟದೆ, ಚಾಲಕನ ಕಣ್ಣಿಗೆ ಕಾಣುವಷ್ಟು ಮುಂದೆ ನಿಲ್ಲಿ. ಪಕ್ಕದಲ್ಲಿ ಬೇಡ.

ಅಂಗಡಿಯವರು ಮಾಡಬಹುದಾದದ್ದು

ಸೈಕಲ್ ಸವಾರ ನಿಯಮ ಪಾಲಿಸಬೇಕಾದರೆ ಅವನಿಗೆ ಸಿಗ್ನಲ್ ಕಾಣಬೇಕು, ಇಳಿದು ತಳ್ಳಿಕೊಂಡು ಹೋಗಲು ಜಾಗ ಇರಬೇಕು. ಇದರಲ್ಲಿ ಪೇಟೆಯ ಅಂಗಡಿಯವರ ಪಾಲೂ ಇದೆ.

• ಸಿಗ್ನಲ್ ಕಂಬ, ಸ್ಟಾಪ್ ಬೋರ್ಡ್, ಒನ್ ವೇ ಬೋರ್ಡ್ ಮರೆಯಾಗುವ ಹಾಗೆ ಅಂಗಡಿ ಬೋರ್ಡ್, ಫ್ಲೆಕ್ಸ್, ಬಿಸಿಲಿನ ಶೀಟ್ ಕಟ್ಟಬೇಡಿ.

• ಫುಟ್‌ಪಾತ್ ಮೇಲೆ ಸಾಮಾನು ಜೋಡಿಸಿದರೆ ನಡೆಯುವವರೂ, ಸೈಕಲ್ ತಳ್ಳುವವರೂ ರಸ್ತೆಗೆ ಇಳಿಯುತ್ತಾರೆ. ಮೂಲೆ ಅಂಗಡಿಯವರು ಕನಿಷ್ಠ ತಿರುವಿನ ಜಾಗವನ್ನಾದರೂ ಖಾಲಿ ಬಿಡಿ.

• ಗ್ರಾಹಕರ ಕಾರು, ಬೈಕು ಝೀಬ್ರಾ ಕ್ರಾಸಿಂಗ್ ಮೇಲೆ ನಿಲ್ಲದಂತೆ ಹೇಳಿ.

• ಸೈಕಲ್‌ನಲ್ಲಿ ಸಾಮಾನು ತಲುಪಿಸುವ ಹುಡುಗನಿಗೆ ‘ಐದು ನಿಮಿಷದಲ್ಲಿ ಬಂದುಬಿಡು’ ಅಂತ ಒತ್ತಡ ಹಾಕಬೇಡಿ. ಅವನು ಆ ಐದು ನಿಮಿಷ ಉಳಿಸುವುದು ರಾಂಗ್ ಸೈಡ್‌ನಲ್ಲಿ, ಕೆಂಪು ದೀಪದಲ್ಲಿ. ನೀರಿನ ಕ್ಯಾನು, ಚೀಲ ಹ್ಯಾಂಡಲ್‌ಗೆ ನೇತುಹಾಕುವ ಬದಲು ಕ್ಯಾರಿಯರ್‌ಗೆ ಕಟ್ಟಿಸಿ. ಬ್ರೇಕ್, ಬೆಲ್, ಹಿಂದಿನ ರಿಫ್ಲೆಕ್ಟರ್ ಇದೆಯಾ ಅಂತ ನೋಡಿ.

• ಅಂಗಡಿ ಎದುರು ಅಪಘಾತವಾದರೆ ಸಿಸಿಟಿವಿ ದೃಶ್ಯವನ್ನು ಕೂಡಲೇ ಉಳಿಸಿಡಿ. ಬಹಳಷ್ಟು ಯಂತ್ರಗಳಲ್ಲಿ ಕೆಲವೇ ದಿನಗಳಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತೆ. ಪರಿಹಾರದ ಕೇಸಿನಲ್ಲಿ ಆ ದೃಶ್ಯವೇ ಒಂದು ಮನೆಗೆ ಆಧಾರವಾಗಬಹುದು.

• ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಕೇಸ್ ಸುತ್ತಿಕೊಳ್ಳುತ್ತೆ ಅನ್ನುವ ಭಯ ಬೇಡ. ಒಳ್ಳೆಯ ಉದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತೆ. ಆಂಬುಲೆನ್ಸ್‌ಗೆ 108, ತುರ್ತು ನೆರವಿಗೆ 112.

ಹೆಚ್ಚಾಗಿ ಕೇಳುವ ಪ್ರಶ್ನೆಗಳು

ಸಿಗ್ನಲ್ ಕೆಟ್ಟಿದ್ದರೆ ಅಥವಾ ರಾತ್ರಿ ಹಳದಿ ಮಿಣುಕುತ್ತಿದ್ದರೆ?
ಹಳದಿ ಮಿಣುಕಿದರೆ ನಿಧಾನ ಮಾಡಿ, ನೋಡಿಕೊಂಡು ಹೋಗಿ ಅಂತ ಅರ್ಥ. ಕೆಂಪು ಮಿಣುಕಿದರೆ ಪೂರ್ತಿ ನಿಂತು, ದಾರಿ ಖಾಲಿ ಇದ್ದರೆ ಹೋಗಬೇಕು. ಸಿಗ್ನಲ್ಲೇ ಇಲ್ಲದ ಕಡೆ ನಿಮ್ಮ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡಿ.

ಸ್ಟಾಪ್ ಬೋರ್ಡ್ ಅಂದ್ರೆ ಯಾವುದು?
ಎಂಟು ಮೂಲೆಯ ಕೆಂಪು ಬೋರ್ಡ್. ಅಲ್ಲಿ ಕಾಲು ನೆಲಕ್ಕೆ ಊರಿ ನಿಲ್ಲಬೇಕು. ತಲೆಕೆಳಗಾದ ತ್ರಿಕೋನದ ಬೋರ್ಡ್ ಇದ್ದರೆ ನಿಧಾನ ಮಾಡಿ ಎದುರಿನವರಿಗೆ ದಾರಿ ಬಿಟ್ಟರೆ ಸಾಕು.

ಎಡಕ್ಕೆ ತಿರುಗುವುದು ಯಾವಾಗಲೂ ಫ್ರೀ ಅಲ್ವಾ?
ಅಲ್ಲ. ಫ್ರೀ ಲೆಫ್ಟ್ ಬೋರ್ಡ್ ಅಥವಾ ಎಡಕ್ಕೆ ಹಸಿರು ಬಾಣ ಇದ್ದರೆ ಮಾತ್ರ. ಅಲ್ಲೂ ನಡೆದು ದಾಟುವವರಿಗೆ ಮೊದಲು ದಾರಿ.

ಕರೆಂಟ್ ಸೈಕಲ್, ಚಿಕ್ಕ ಎಲೆಕ್ಟ್ರಿಕ್ ಸ್ಕೂಟರ್?
ಮೋಟಾರ್ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇದ್ದು, ವೇಗ ಗಂಟೆಗೆ 25 ಕಿ.ಮೀ. ಒಳಗಿದ್ದರೆ, ಉಳಿದ ನಿಗದಿತ ಷರತ್ತುಗಳನ್ನೂ ಪಾಲಿಸಿದ್ದರೆ ಅದನ್ನು ಮೋಟಾರು ವಾಹನ ಅಂತ ಪರಿಗಣಿಸುವುದಿಲ್ಲ. ಡಿಎಲ್, ನಂಬರ್ ಪ್ಲೇಟ್ ಬೇಡ. ಅದಕ್ಕಿಂತ ಹೆಚ್ಚಿನದಾದರೆ ಬೈಕ್‌ಗಿರುವ ಎಲ್ಲ ನಿಯಮವೂ, ದಂಡವೂ ಅನ್ವಯ. ಅಂಗಡಿಗೆ ಕೊಳ್ಳುವಾಗ ಬಿಲ್ ಮತ್ತು ಪ್ರಮಾಣಪತ್ರ ನೋಡಿಕೊಳ್ಳಿ.

ಮಕ್ಕಳು ಸೈಕಲ್‌ನಲ್ಲಿ ಹೋದರೆ ತಂದೆ ತಾಯಿಗೆ ಕೇಸ್ ಆಗುತ್ತಾ?
ಸೈಕಲ್ ತುಳಿಯಲು ವಯಸ್ಸಿನ ಮಿತಿ ಇಲ್ಲ, ಡಿಎಲ್ಲೂ ಬೇಡ. ಆದರೆ ಅಪ್ರಾಪ್ತ ಮಕ್ಕಳ ಕೈಗೆ ಸ್ಕೂಟಿ ಕೊಟ್ಟು ಅವರು ತಪ್ಪು ಮಾಡಿದರೆ, ಪೋಷಕರು ಅಥವಾ ವಾಹನ ಮಾಲೀಕರಿಗೆ 199ಎ ಕಲಂ ಅಡಿ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ಇದೆ. ಹಾಗಾಗಿ ಹೈಸ್ಕೂಲ್ ಮಕ್ಕಳಿಗೆ ಸೈಕಲ್ಲೇ ಸರಿ. ಆದರೆ ಸರ್ಕಲ್ ದಾಟುವುದನ್ನು ಕಲಿಸಿ ಕೊಡಿ.

ಕಲಿಸುವವರು ಯಾರು?

ಇಲ್ಲೇ ನಮ್ಮ ವ್ಯವಸ್ಥೆಯಲ್ಲಿ ಒಂದು ದೊಡ್ಡ ಕೊರತೆ ಇರುವುದು. ಬೈಕ್ ಓಡಿಸುವವರಿಗೆ ಎಲ್‌ಎಲ್ ಪರೀಕ್ಷೆಯಲ್ಲಿ ರಸ್ತೆ ಚಿಹ್ನೆ ಕೇಳುತ್ತಾರೆ. ಸೈಕಲ್‌ಗೆ ಯಾವ ಪರೀಕ್ಷೆಯೂ ಇಲ್ಲ. 2006–07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಶುರು ಮಾಡಿದಾಗ, ಹಳ್ಳಿಯಿಂದ ದೂರದ ಹೈಸ್ಕೂಲಿಗೆ ಹೋಗುವ ಲಕ್ಷಾಂತರ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಓದು ಮುಂದುವರಿಸಲು ಅದು ನೆರವಾಯಿತು. ಹಳ್ಳಿ ರಸ್ತೆಯಲ್ಲಿ ಕಲಿತ ಮಗು ಪೇಟೆಯ ಸರ್ಕಲ್‌ಗೆ ಬಂದಾಗ ಕೆಂಪು, ಹಳದಿ, ಹಸಿರು ಹೇಳಿಕೊಡುವ ಕೆಲಸ ಮಾತ್ರ ಯಾರ ಪಾಲಿಗೂ ಬಂದಿಲ್ಲ. ಒಂದು ಶನಿವಾರ ಶಾಲೆಯ ಆಟದ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಸರ್ಕಲ್ ಮಾಡಿ, ಮಕ್ಕಳಿಗೆ ನಿಲ್ಲುವುದು, ಕೈ ತೋರಿಸುವುದು, ಎರಡು ಹಂತದಲ್ಲಿ ತಿರುಗುವುದು ಕಲಿಸಲು ದೊಡ್ಡ ಖರ್ಚೇನೂ ಬೇಡ.

ದೂರು, ಬೇಡಿಕೆ ಎಲ್ಲಿ ಕೊಡಬೇಕು?

ನಿಮ್ಮ ಪೇಟೆಯ ಸಿಗ್ನಲ್ ಸೈಕಲ್ ದಾಟುವಷ್ಟು ಸಮಯ ಕೊಡುತ್ತಿಲ್ಲ, ಸ್ಟಾಪ್ ಲೈನ್ ಅಥವಾ ಝೀಬ್ರಾ ಪಟ್ಟೆ ಅಳಿಸಿಹೋಗಿದೆ, ಬೋರ್ಡ್ ಮರದ ಕೊಂಬೆಯಲ್ಲಿ ಮುಚ್ಚಿಹೋಗಿದೆ ಅಂದರೆ ಸಂಚಾರ ಪೊಲೀಸ್ ಠಾಣೆಗೆ, ಅದು ಇಲ್ಲದ ಕಡೆ ಊರಿನ ಪೊಲೀಸ್ ಠಾಣೆಗೆ ಮತ್ತು ನಗರಸಭೆ ಅಥವಾ ಪುರಸಭೆಗೆ ಬರೆದು ಕೊಡಿ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇರುವುದೇ ಇಂಥ ವಿಷಯಕ್ಕೆ. ಅದಕ್ಕೂ ಒಂದು ಪ್ರತಿ ಕಳಿಸಿ. ಸರ್ಕಲ್ ಹೆಸರು, ಯಾವ ಕಡೆಯ ರಸ್ತೆ, ಯಾವ ಹೊತ್ತು, ಎಷ್ಟು ಸೆಕೆಂಡ್ ಹಸಿರು ಮತ್ತು ಹಳದಿ ಇರುತ್ತೆ ಅಂತ ಮೊಬೈಲ್‌ನಲ್ಲಿ ಅಳೆದು, ಫೋಟೊ ಸಮೇತ ಕೊಟ್ಟರೆ ‘ಪರಿಶೀಲಿಸುತ್ತೇವೆ’ ಅಂತ ಪಕ್ಕಕ್ಕಿಡುವುದು ಕಷ್ಟವಾಗುತ್ತೆ. ವರ್ತಕರ ಸಂಘದ ಲೆಟರ್‌ಹೆಡ್‌ನಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.